ಉರಿ ಜೋರು ಮಾಡಿದರೆ ಮಟನ್ ಬೇಗ ಬೇಯುತ್ತದೆಯೇ?

ರವಿವಾರ ಮಧ್ಯಾಹ್ನ ಆಗಿರುತ್ತದೆ. ಒಲೆಯ ಮೇಲೆ ಮಟನ್ ಇಟ್ಟು ಮುಕ್ಕಾಲು ತಾಸು ಕಳೆದಿದೆ. "ಯವ್ವಾ, ಹಸಿವಿ ಆಗೇತಿ, ಬೆಂತೇನ?" ಅಂತ ಕೇಳಿದರೆ ಅವ್ವ ಒಂದು ತುಣುಕು ತೆಗೆದು ಹಿಚುಕಿ ನೋಡುತ್ತಾಳೆ. "ಇನ್ನಾ ರಬ್ಬರ್ ಆದಂಗ ಐತಿ. ಉರಿ ಜೋರ್ ಮಾಡು." ನಾವು ಗ್ಯಾಸಿನ ಗುಂಡಿ ಪೂರ್ತಿ ತಿರುವುತ್ತೇವೆ. ನೀರು ಕೊತಕೊತ ಕುದಿಯುತ್ತದೆ, ಮುಚ್ಚಳ ಕುಣಿಯುತ್ತದೆ, ಅಡುಗೆಮನೆಯ ತುಂಬ ಹಬೆ. ಆದರೆ ಬೋಗುಣಿಯೊಳಗಿನ ಮಟನ್‌ಗೆ ಇದರಿಂದ ಏನಾದರೂ ಲಾಭವಾಯಿತೇ?

ಶಹಾಪುರ ಇರಲಿ, ಗಡಹಿಂಗ್ಲಜ ಇರಲಿ, ಕೊಲ್ಹಾಪುರ ಇರಲಿ, ನಮ್ಮ ಭಾಗದ ತಾಂಬಡಾ ರಸ್ಸಾ ಮತ್ತು ಪಾಂಢರಾ ರಸ್ಸಾ, ಅಂದರೆ ಕೆಂಪು ರಸ ಮತ್ತು ಬಿಳಿ ರಸ, ಎಲ್ಲರಿಗೂ ಗೊತ್ತು. ಇವು ತಾಸುಗಟ್ಟಲೆ ನಿಧಾನವಾಗಿ ಬೇಯಿಸುವ ಅಡುಗೆ. ಈ ಸಲ ಆ ಬೋಗುಣಿಯನ್ನೇ ನಮ್ಮ ಪ್ರಯೋಗಶಾಲೆ ಮಾಡಿಕೊಳ್ಳೋಣ. ಮಟನ್ ತಿನ್ನದ ಮನೆಯ ಮಕ್ಕಳೂ ನಮ್ಮ ಶಾಲೆಗಳಲ್ಲಿ ಬಹಳ ಮಂದಿ ಇದ್ದೀರಿ. ನೀವು ಈ ಪುಟ ಮಗುಚಬೇಕಾಗಿಲ್ಲ. ಉಳ್ಳಾಗಡ್ಡಿ ಕೆಂಪಾಗುವುದು, ಎಣ್ಣೆ ಮೇಲೆ ತೇಲುವುದು, ಹಬೆ ಮತ್ತೆ ನೀರಾಗುವುದು ನಿಮ್ಮ ಮನೆಯ ಬದನೆಕಾಯಿ ಪಲ್ಯದಲ್ಲೂ ಮಟಕಿ ಉಸಳಿಯಲ್ಲೂ ಹೀಗೇ ನಡೆಯುತ್ತದೆ.

ಮೊದಲು ನೀರಿನ ವಿಷಯ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸ್ವಲ್ಪ ಕಡಿಮೆ. ಸರಿಸುಮಾರು 300 ಮೀಟರ್ ಮೇಲೇರಿದಂತೆ ಕುದಿಬಿಂದು 1 ಡಿಗ್ರಿ ಇಳಿಯುತ್ತದೆ. ಹಾಗಾಗಿ ನಮ್ಮಲ್ಲಿ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ. ಒಮ್ಮೆ ಕುದಿ ಹಿಡಿದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ನೀರು 98ನ್ನು ದಾಟುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಹಬೆ ಮಾಡುವುದಕ್ಕೇ ಖರ್ಚಾಗುತ್ತದೆ.

ಆ ಖರ್ಚು ಸಣ್ಣದಲ್ಲ, ಲೆಕ್ಕ ಹಾಕಿ ನೋಡ್ರಿ. 1 ಲೀಟರ್ ನೀರನ್ನು 25 ಡಿಗ್ರಿಯಿಂದ 98ಕ್ಕೆ ಏರಿಸಲು ಬೇಕಾಗುವುದು ಸುಮಾರು 305 ಕಿಲೋಜೂಲ್. ಅದೇ 1 ಲೀಟರ್ ನೀರನ್ನು ಪೂರ್ತಿ ಹಬೆ ಮಾಡಿ ಹಾರಿಸಲು ಸುಮಾರು 2260 ಕಿಲೋಜೂಲ್ ಬೇಕು. ಏಳು ಪಟ್ಟಿಗಿಂತ ಜಾಸ್ತಿ! ಅಡುಗೆಮನೆಯಲ್ಲಿ ತುಂಬಿಕೊಂಡ ಹಬೆ ಅಂದರೆ ಸಿಲಿಂಡರಿನಿಂದ ಹಾರಿಹೋದ ರೊಕ್ಕ. ಮಟನ್‌ಗೆ ಮಾತ್ರ ಸಣ್ಣ ಉರಿಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವ ನೀರೂ, ದೊಡ್ಡ ಉರಿಯಲ್ಲಿ ಕುಣಿಯುವ ನೀರೂ ಹೆಚ್ಚುಕಡಿಮೆ ಒಂದೇ.

ನಮ್ಮ ಹಳೆಯ ಅಡುಗೆಯವರಿಗೆ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ, ಆದರೆ ಉಪಾಯ ಗೊತ್ತಿತ್ತು. ಮಟನ್ ಬೇಯುವ ಬೋಗುಣಿಯ ಮೇಲೆ ತಟ್ಟೆ ಮುಚ್ಚಿ, ಆ ತಟ್ಟೆಯಲ್ಲಿ ನೀರು ಹಾಕಿ ಇಡುತ್ತಾರಲ್ಲ, ನೋಡಿದ್ದೀರಾ? ಮೇಲಿನ ನೀರಿನಿಂದ ತಟ್ಟೆ ತಂಪಾಗಿರುತ್ತದೆ. ಒಳಗಿನ ಹಬೆ ಅದಕ್ಕೆ ತಾಗಿ ಹನಿಯಾಗಿ ಮತ್ತೆ ಬೋಗುಣಿಗೇ ಬೀಳುತ್ತದೆ. ಹಬೆ ಬಿಟ್ಟುಕೊಟ್ಟ ಶಾಖದಿಂದ ತಟ್ಟೆಯ ನೀರು ಬಿಸಿಯಾಗುತ್ತದೆ. ರಸ ಕಡಿಮೆಯಾದಾಗ ಆ ಬಿಸಿನೀರನ್ನೇ ಒಳಗೆ ಸುರಿಯುತ್ತಾರೆ. ತಣ್ಣೀರು ಸುರಿದರೆ ಉಷ್ಣತೆ ಕೆಳಗಿಳಿದು ಬೇಯುವ ಕೆಲಸ ಕೆಲವು ನಿಮಿಷ ನಿಂತುಹೋಗುತ್ತದೆ. ಸಾಂದ್ರೀಕರಣ, ಗುಪ್ತೋಷ್ಣ, ಇಂಧನದ ಉಳಿತಾಯ ಮೂರೂ ಒಂದೇ ತಟ್ಟೆಯಲ್ಲಿ ಬಂದವು.

ಹಂಗಾದ್ರ ಮಟನ್ ಬೇಯಲು ಇಷ್ಟು ಹೊತ್ತು ಯಾಕ ಬೇಕು? ಬ್ಯಾಳಿ ಅರ್ಧ ತಾಸಿಗೆ ಬೇಯುತ್ತದೆ, ಅಕ್ಕಿ ಹದಿನೈದು ನಿಮಿಷಕ್ಕೆ.

ಮಾಂಸ ಅಂದರೆ ಸ್ನಾಯು. ಸ್ನಾಯುವಿನಲ್ಲಿ ಎರಡು ಥರದ ಪ್ರೋಟೀನುಗಳಿವೆ ಎಂದು ಸದ್ಯಕ್ಕೆ ತಿಳಿಯಿರಿ. ಒಂದು, ಎಳೆದು ಸಡಿಲಿಸುವ ಕೆಲಸ ಮಾಡುವ ಸಣ್ಣ ಸಣ್ಣ ನಾರುಗಳು. ಇನ್ನೊಂದು, ಆ ನಾರುಗಳನ್ನು ಕಟ್ಟುಕಟ್ಟಾಗಿ ಸುತ್ತಿ ಎಲುಬಿಗೆ ಬಿಗಿಯುವ ಹಗ್ಗ. ಈ ಹಗ್ಗದ ಹೆಸರು ಕೊಲಾಜೆನ್. ಇಚಲಕರಂಜಿಯ ಮಕ್ಕಳಿಗೆ ಕೊಲಾಜೆನ್ ವಿವರಿಸುವುದು ಬಹಳ ಸುಲಭ, ಯಾಕೆಂದರೆ ನಿಮ್ಮಲ್ಲಿ ಅರ್ಧ ಮಂದಿಯ ಮನೆಯಲ್ಲಿ ಯಾರಾದರೂ ಮಗ್ಗದ ಕೆಲಸದಲ್ಲಿರುತ್ತಾರೆ. ಎರಡು ಮೂರು ಎಳೆ ಕೂಡಿಸಿ ಹುರಿ ಮಾಡಿದ ನೂಲನ್ನು ಬಿಚ್ಚಿ ನೋಡಿ. ಒಂದೊಂದು ಎಳೆ ಒಂದು ದಿಕ್ಕಿಗೆ ತಿರುಚಿರುತ್ತದೆ, ಅವನ್ನು ಕೂಡಿಸಿದ ಹುರಿ ಅದರ ವಿರುದ್ಧ ದಿಕ್ಕಿಗೆ. ಹಾಗಿದ್ದರೇ ನೂಲು ಗಟ್ಟಿ, ಬಿಚ್ಚಿಕೊಳ್ಳುವುದಿಲ್ಲ. ಕೊಲಾಜೆನ್ ಕೂಡ ಹಾಗೆಯೇ: ಮೂರು ಎಳೆಗಳು, ಒಂದೊಂದೂ ಎಡಕ್ಕೆ ತಿರುಚಿದ್ದು, ಮೂರೂ ಕೂಡಿ ಬಲಕ್ಕೆ ಸುತ್ತಿಕೊಂಡದ್ದು. ಈ ಮೂರೆಳೆಯ ರಚನೆಯನ್ನು 1954ರಲ್ಲಿ ಜಗತ್ತಿಗೆ ಸೂಚಿಸಿದವರು ನಮ್ಮ ದೇಶದ ವಿಜ್ಞಾನಿಗಳು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಕ್ಷ-ಕಿರಣಗಳ ಸಹಾಯದಿಂದ ಅದನ್ನು ಕಂಡುಕೊಂಡರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಮಟನ್ ತುಣುಕಿನೊಳಗೆ ಇಷ್ಟು ದೊಡ್ಡ ಸಂಶೋಧನೆ ಅಡಗಿದೆ ಅಂತ ಯಾರಿಗೆ ಅನಿಸುತ್ತದೆ!

ಈಗ ಬೋಗುಣಿ ಬಿಸಿಯಾಗುವಾಗ ಏನಾಗುತ್ತದೆ ನೋಡೋಣ. 50 ಡಿಗ್ರಿ ದಾಟಿದಂತೆ ಸ್ನಾಯುವಿನ ನಾರುಗಳು ಮುದುಡಲು ಸುರುವಾಗುತ್ತವೆ. 60ರ ಮೇಲೆ ಹೋದಾಗ ಮಾಂಸದ ಕೆಂಪು ಬಣ್ಣ ಹೋಗಿ ಬೂದಿ ಬಣ್ಣ ಬರುತ್ತದೆ. ಅದೇ ಹೊತ್ತಿಗೆ ಕೊಲಾಜೆನ್ ಹಗ್ಗವೂ ಕುಗ್ಗಿ ಬಿಗಿಯಾಗುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಅದು ನಾರಿನೊಳಗಿನ ನೀರನ್ನು ಹೊರಗೆ ಹಿಂಡುತ್ತದೆ. ಅರ್ಧ ಮುಕ್ಕಾಲು ತಾಸಿನ ಹೊತ್ತಿಗೆ ಮಟನ್ ರಬ್ಬರ್ ಆದಂತೆ ಅನಿಸುವುದು ಇದಕ್ಕೇ. ಹಸಿ ಇದ್ದಾಗಿನದಕ್ಕಿಂತ ಈಗ ನಿಜವಾಗಿಯೂ ಹೆಚ್ಚು ಗಟ್ಟಿ. ಕಡಿಮೆ ಬೆಂದಿದೆ ಅನ್ನುವುದಕ್ಕಿಂತ ಅರ್ಧ ದಾರಿಯಲ್ಲಿದೆ ಅನ್ನುವುದು ಸರಿ.

ಉಳಿದರ್ಧ ದಾರಿಗೆ ಹೊತ್ತು ಬೇಕು. 70 ಡಿಗ್ರಿಯ ಮೇಲೆ ಕೊಲಾಜೆನ್‌ನ ಹುರಿ ಒಂದೊಂದೇ ಬಿಚ್ಚುತ್ತ ಹೋಗುತ್ತದೆ. ಬಿಚ್ಚಿದ ಎಳೆಗಳು ನೀರಿನಲ್ಲಿ ಕರಗಿ ಜೆಲಾಟಿನ್ ಆಗುತ್ತವೆ. ನಾರುಗಳನ್ನು ಬಿಗಿದಿದ್ದ ಕಟ್ಟು ಹೋಯಿತು, ಆದ್ದರಿಂದ ಮಟನ್ ಬೆರಳಿಗೆ ಬಿಡುತ್ತದೆ. ಕರಗಿದ ಜೆಲಾಟಿನ್ ರಸಕ್ಕೆ ಸೇರಿ ತುಟಿಗೆ ಅಂಟುವಂಥ ಮಂದತನ ಕೊಡುತ್ತದೆ. ಕಾಲಿನ ಸೂಪು, ಅಂದರೆ ಪಾಯಾ, ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಗಡ್ಡೆಕಟ್ಟಿ ಥರಥರ ನಡುಗುತ್ತಿರುತ್ತದೆ. ಅದು ಜೆಲಾಟಿನ್. ಬಿಸಿ ಮಾಡಿದರೆ ಮತ್ತೆ ನೀರು.

ವಯಸ್ಸಾದ ಪ್ರಾಣಿಯ ಕೊಲಾಜೆನ್‌ನಲ್ಲಿ ಎಳೆಗಳ ನಡುವೆ ಅಡ್ಡಗಂಟುಗಳು ಜಾಸ್ತಿ, ಹಾಗಾಗಿ ಬಿಚ್ಚಲು ತಡ. ಓಡಾಡುವ ಕಾಲು, ಭುಜ, ಪಕ್ಕೆಲುಬಿನ ಭಾಗಗಳಲ್ಲಿ ಕೊಲಾಜೆನ್ ಹೆಚ್ಚು. ಬರೀ ಮೆತ್ತನ್ನ, ಎಲುಬಿಲ್ಲದ ತುಣುಕು ಕೊಡ್ರಿ ಅಂತ ಅಂಗಡಿಯಲ್ಲಿ ಹಟ ಹಿಡಿಯುವವರು ರಸ್ಸಾ ಮಾಡುವ ದಿನವಾದರೂ ಹಟ ಬಿಡಬೇಕು. ಎಲುಬು, ನರ ಇಲ್ಲದ ಮಾಂಸ ಬಹಳ ಹೊತ್ತು ಬೇಯಿಸಿದರೆ ಒಣಗಿ ಹಿಂಜಿದಂತಾಗುತ್ತದೆ, ರಸಕ್ಕೆ ಮಂದತನವೂ ಬರುವುದಿಲ್ಲ.

ಮಾಡುವ ಕ್ರಮ ಹೀಗಿದೆ. ಎಲುಬಿನ ಸಮೇತ ಅರ್ಧ ಕಿಲೋ ಮಟನ್, ಅರ್ಧ ಚಮಚ ಅರಿಷಿಣ, ಒಂದು ಚಮಚ ಉಪ್ಪು, ಅರೆದ ಹಸಿಶುಂಠಿ ಮತ್ತು ಬಳ್ಳೊಳ್ಳಿ ಒಂದು ದೊಡ್ಡ ಚಮಚ. ಸ್ವಲ್ಪ ಎಣ್ಣೆಯಲ್ಲಿ ಒಂದು ಉಳ್ಳಾಗಡ್ಡಿ ಹುರಿದು, ಮಟನ್ ಹಾಕಿ ಐದು ನಿಮಿಷ ತಿರುವಿ, ಒಂದೂವರೆ ಲೀಟರ್ ಬಿಸಿನೀರು ಹಾಕಬೇಕು. ಕುದಿ ಬಂದ ಕೂಡಲೇ ಉರಿ ಸಣ್ಣದು, ಮೇಲೆ ನೀರಿನ ತಟ್ಟೆ, ಒಂದೂವರೆಯಿಂದ ಎರಡು ತಾಸು. ಖಾರ ಇಲ್ಲದ ಈ ರಸಕ್ಕೆ ಅಳಣಿ ಎನ್ನುತ್ತಾರೆ. ಸಣ್ಣ ಮಕ್ಕಳಿಗೆ ಮೊದಲು ಕುಡಿಸುವುದು ಇದನ್ನೇ. ಕೆಂಪು ಬಿಳಿ ಎರಡೂ ರಸ್ಸಾಗಳು ಈ ಒಂದೇ ಅಳಣಿಯಿಂದ ಹುಟ್ಟುತ್ತವೆ.

ಅಳಣಿಗೆ ರುಚಿ ಇದೆ, ಆದರೆ 'ಘಮ' ಇಲ್ಲ. ರೊಟ್ಟಿಯ ಮೇಲಿನ ಕಂದು ಚುಕ್ಕಿ, ಹುರಿದ ಶೇಂಗಾ, ಸುಟ್ಟ ಉಳ್ಳಾಗಡ್ಡಿ ಇವುಗಳ ವಾಸನೆ ಬರುವುದು ಸಕ್ಕರೆಯ ಅಂಶ ಮತ್ತು ಪ್ರೋಟೀನಿನ ಅಂಶ ಶಾಖದಲ್ಲಿ ಕೂಡಿದಾಗ. 1912ರಲ್ಲಿ ಲೂಯಿ ಕಮೀಲ್ ಮಯ್ಯಾರ್ ಎಂಬ ಫ್ರೆಂಚ್ ವಿಜ್ಞಾನಿ ಈ ಕ್ರಿಯೆಯನ್ನು ವಿವರಿಸಿದ, ಆದ್ದರಿಂದ ಅದಕ್ಕೆ ಅವನದೇ ಹೆಸರು. ಅದು ಚುರುಕಾಗಿ ನಡೆಯುವುದು ಸುಮಾರು 140 ಡಿಗ್ರಿಯ ಮೇಲೆ. ನೀರು 98ಕ್ಕೇ ನಿಂತುಬಿಡುತ್ತದಲ್ಲ! ಅಂದಮೇಲೆ ನೀರಿನೊಳಗಿನ ಮಟನ್ ಎಷ್ಟು ಹೊತ್ತು ಬೆಂದರೂ ಕೆಂಪಗೆ ಹುರಿದ ವಾಸನೆ ಬರುವುದು ಕಷ್ಟ. ಅದಕ್ಕಾಗಿಯೇ ಮಸಾಲೆಯ ಕೆಲಸ ಬೇರೆ ನಡೆಯುತ್ತದೆ. ಉಳ್ಳಾಗಡ್ಡಿ ಮತ್ತು ಒಣ ಕೊಬ್ಬರಿಯನ್ನು ಉರಿಯ ಮೇಲೆಯೇ ಸುಡುತ್ತಾರೆ, ಎಳ್ಳು ಗಸಗಸೆ ಹಂಚಿನ ಮೇಲೆ ಹುರಿಯುತ್ತಾರೆ, ಅರೆದದ್ದನ್ನು ಎಣ್ಣೆಯಲ್ಲಿ ಎಣ್ಣೆ ಬಿಡುವತನಕ ತಿರುವುತ್ತಾರೆ. 'ಎಣ್ಣೆ ಬಿಡುವುದು' ಅಂದರೆ ಮಸಾಲೆಯೊಳಗಿನ ನೀರು ಬಹುತೇಕ ಹಾರಿತು, ಇನ್ನು ಉಷ್ಣತೆ 98 ದಾಟಿ ಮೇಲೇರಬಹುದು ಎಂಬ ಸೂಚನೆ. ಅಲ್ಲಿಂದ ಮುಂದೆ ಕಣ್ಣು ತೆಗೆಯಬಾರದು. ಎರಡು ನಿಮಿಷ ಮೈಮರೆತರೆ ಘಮದ ಬದಲು ಕಹಿ.

ಇದೇ ಎರಡು ಹೆಜ್ಜೆ ಇಟಲಿಯಲ್ಲೂ ಇದೆ. ಬೊಲೊನ್ಯಾ ಎಂಬ ಊರಿನ ಮಾಂಸದ ರಸಕ್ಕೆ 'ರಗೂ' ಎಂದು ಹೆಸರು. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಗಜ್ಜರಿ ಮತ್ತು ಸೆಲರಿ ಎಂಬ ಸೊಪ್ಪಿನ ದಂಟನ್ನು ಕೊಬ್ಬಿನಲ್ಲಿ ಬಾಡಿಸಿ, ಕೊಚ್ಚಿದ ಮಾಂಸವನ್ನು ನೀರು ಆರುವತನಕ ಹುರಿಯುತ್ತಾರೆ. ಆಮೇಲೆ ದ್ರಾಕ್ಷಿಯ ವೈನ್, ಟೊಮ್ಯಾಟೊ, ಸ್ವಲ್ಪ ಹಾಲು ಸೇರಿಸಿ ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಬಿಡುತ್ತಾರೆ. ನಾವು ಬೇಯಿಸಿದ ಮೇಲೆ ಹುರಿದ ಮಸಾಲೆ ಕೂಡಿಸುತ್ತೇವೆ, ಅವರು ಮೊದಲು ಹುರಿದು ಆಮೇಲೆ ಬೇಯಿಸುತ್ತಾರೆ. ಅಕ್ಕಿರೊಟ್ಟಿ ಜೋಳದರೊಟ್ಟಿಯ ಬದಲು ಮೊಟ್ಟೆ ಹಾಕಿ ನಾದಿದ ಹಿಟ್ಟಿನ ಅಗಲ ಶ್ಯಾವಿಗೆಯ ಜೊತೆ ಉಣ್ಣುತ್ತಾರೆ. ಅವರಿಗೆ ಇದರ ಅಭಿಮಾನ ಎಷ್ಟೆಂದರೆ, 1982ರಲ್ಲಿ ಇಟಲಿಯ ಪಾಕಶಾಸ್ತ್ರ ಅಕಾಡೆಮಿ ರಗೂ ಮಾಡುವ ವಿಧಾನವನ್ನು ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ದಾಖಲೆಯಾಗಿ ಇಡಿಸಿತು, 2023ರಲ್ಲಿ ಅದನ್ನು ತಿದ್ದಿ ಮತ್ತೆ ದಾಖಲಿಸಿತು. ಕೊಲ್ಹಾಪುರದಲ್ಲಿ ಇಂಥ ಒಂದೇ ದಾಖಲೆ ಮಾಡಲು ಹೋದರೆ ಗಲ್ಲಿಗೊಂದು ಜಗಳ ಆದೀತು!

ಇನ್ನೊಂದು ಮಾತು. ಅವರ ಟೊಮ್ಯಾಟೊ, ನಮ್ಮ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಗಿಡಗಳು. ಕೊಲಂಬಸ್‌ನ 1492ರ ಯಾನದ ನಂತರವೇ ಅವು ಇತ್ತ ಬಂದದ್ದು. ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. 600 ವರ್ಷದ ಹಿಂದೆ ಈ ನೆಲದಲ್ಲಿ ತಾಂಬಡಾ ರಸ್ಸಾ ಇರಲು ಸಾಧ್ಯವೇ ಇರಲಿಲ್ಲ.

ತಾಂಬಡಾ ರಸ್ಸಾದ ಮೇಲೆ ತೇಲುವ ಕೆಂಪು ಎಣ್ಣೆಗೆ ತರ್ರಿ ಅಥವಾ ಕಟ್ ಎನ್ನುತ್ತಾರೆ. ಎಣ್ಣೆಯ ಸಾಂದ್ರತೆ ನೀರಿಗಿಂತ ಕಡಿಮೆ, ಸುಮಾರು 0.92. ಆದ್ದರಿಂದ ತೇಲುತ್ತದೆ. ಆದರೆ ಕೆಂಪೆಲ್ಲ ಎಣ್ಣೆಗೇ ಯಾಕೆ ಹೋಯಿತು? ಮೆಣಸಿನಕಾಯಿಯ ಬಣ್ಣ ಕ್ಯಾಪ್ಸಾಂಥಿನ್, ಖಾರ ಕ್ಯಾಪ್ಸೈಸಿನ್. ಎರಡೂ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ, ನೀರಿನಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಒಲೆ ಹಚ್ಚದೆಯೇ ನೋಡಬಹುದು: ಎರಡು ಗಾಜಿನ ಲೋಟ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಶೇಂಗಾ ಎಣ್ಣೆ, ಎರಡಕ್ಕೂ ಅರ್ಧರ್ಧ ಚಮಚ ಖಾರದ ಪುಡಿ. ಕಲಕಿ ಒಂದು ತಾಸು ಬಿಡಿ. ಯಾವುದು ಕೆಂಪಾಯಿತು ಅಂತ ಬರೆದಿಡಿ. (ಆ ಕೈ ಕಣ್ಣಿಗೆ ಹಚ್ಚಬ್ಯಾಡ್ರಿ!) ಬಣ್ಣ ಮತ್ತು ಖಾರ ಬೇರೆ ಬೇರೆ ವಸ್ತು ಎನ್ನುವುದಕ್ಕೆ ಸಾಕ್ಷಿ ನಮ್ಮ ಮಾರುಕಟ್ಟೆಯಲ್ಲೇ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಗಡಹಿಂಗ್ಲಜದ ಪೇಟೆಗೆ ಬರುವ ಸಂಕೇಶ್ವರಿಗೆ ಖಾರ ಜಾಸ್ತಿ. ಕಾಂದಾ-ಲಸೂಣ ಚಟ್ನಿ ಕುಟ್ಟಿಸುವ ಮನೆಗಳು ಎರಡು ಮೂರು ಜಾತಿ ಬೆರೆಸುವುದು ಸುಮ್ಮನೆ ಅಲ್ಲ. ಖಾರ ಅಳೆಯುವ ಮೊದಲ ಮಾಪಕವನ್ನು ಅಮೆರಿಕದ ವಿಲ್ಬರ್ ಸ್ಕೋವಿಲ್ ರೂಪಿಸಿದ್ದು ಕೂಡ 1912ರಲ್ಲೇ. ರಸ್ಸಾ ಪ್ರಿಯರಿಗೆ ಅದು ನೆನಪಿಡುವಂಥ ವರ್ಷ.

ಖಾರ ನಾಲಿಗೆಗೆ 'ಸುಡುತ್ತದೆ' ಅನ್ನುತ್ತೇವಲ್ಲ, ಆ ಮಾತು ವಿಜ್ಞಾನಕ್ಕೂ ಸರಿ. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿಗಿಂತ ಹೆಚ್ಚು ಬಿಸಿಯಾದರೆ ಸೂಚನೆ ಕೊಡುವ ಒಂದು ಗ್ರಾಹಕ ಇದೆ. ಕ್ಯಾಪ್ಸೈಸಿನ್ ಅದನ್ನೇ ಒತ್ತುತ್ತದೆ. ಬಿಸಿ ಇಲ್ಲದಿದ್ದರೂ ಮೆದುಳಿಗೆ ಬಿಸಿ ಎಂಬ ಸುದ್ದಿ ಹೋಗುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ನೀರು ಕುಡಿದರೆ ಖಾರ ಇಳಿಯುವುದಿಲ್ಲ, ಕರಗಿದರೆ ತಾನೆ ಇಳಿಯುವುದು! ಹಾಲು, ಮೊಸರು, ಇಲ್ಲವೇ ತೆಂಗಿನ ಹಾಲು ಹಾಕಿದ ಪಾಂಢರಾ ರಸ್ಸಾ ನೀರಿಗಿಂತ ಮೇಲು. ಪಾಂಢರಾ ಮಾಡುವಾಗ ಅಳಣಿಗೆ ಎಳ್ಳು, ಗಸಗಸೆ, ಗೋಡಂಬಿ ಅರೆದು ಹಾಕಿ, ತೆಂಗಿನ ಹಾಲನ್ನು ಕೊನೆಗೆ, ಸಣ್ಣ ಉರಿಯಲ್ಲಿ ಸೇರಿಸಬೇಕು. ಕೊತಕೊತ ಕುದಿಸಿದರೆ ಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ಬೇರೆ ಬೇರೆ ಹಿಡಿದಿಟ್ಟ ಪ್ರೋಟೀನು ಕೆಟ್ಟು, ಹನಿಗಳು ಒಂದಕ್ಕೊಂದು ಕೂಡಿ ರಸ ಒಡೆಯುತ್ತದೆ.

ಎರಡು ತಾಸು ಯಾರು ಕಾಯ್ತಾರ್ರೀ ಸರ, ಕುಕ್ಕರ್ ಇಲ್ಲೇನು, ಅಂತ ಕೇಳುತ್ತೀರಿ. ಇದೆ. ಅದರ ಅಜ್ಜ ಹುಟ್ಟಿದ್ದೇ ಎಲುಬಿಗಾಗಿ. 1679ರಲ್ಲಿ ಡೆನಿಸ್ ಪಾಪಾನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ, ಎಲುಬನ್ನೂ ಮೆತ್ತಗೆ ಮಾಡುವ ಬಿಗಿಮುಚ್ಚಳದ ಪಾತ್ರೆಯನ್ನು ತೋರಿಸಿದ. ಹಬೆ ಹೊರಗೆ ಹೋಗದಿದ್ದರೆ ಒಳಗೆ ಒತ್ತಡ ಏರುತ್ತದೆ, ಕುದಿಬಿಂದುವೂ ಏರುತ್ತದೆ. ಮನೆಯ ಕುಕ್ಕರಿನಲ್ಲಿ ಅದು 120 ಡಿಗ್ರಿಯ ಹತ್ತಿರ. 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು ಎಂಬ ಸ್ಥೂಲ ನಿಯಮದಂತೆ, 98ರಿಂದ 120ಕ್ಕೆ ನಾಲ್ಕೂವರೆ ಪಟ್ಟು. 120 ನಿಮಿಷದ ಕೆಲಸ 25-30 ನಿಮಿಷಕ್ಕೆ ಮುಗಿಯುತ್ತದೆ. ಅಂದರೆ ಉರಿ ಜೋರು ಮಾಡಿ ಸಿಗದ ಉಷ್ಣತೆಯನ್ನು ಒತ್ತಡ ಕೊಟ್ಟಿತು. ಕುಕ್ಕರಿನ ಮಟನ್‌ಗೆ ರುಚಿಯೇ ಇಲ್ಲ ಅನ್ನುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಳಣಿಯನ್ನು ಕುಕ್ಕರಿನಲ್ಲಿ ಮಾಡಿ, ಹುರಿದ ಮಸಾಲೆ ಕೂಡಿಸಿದ ಮೇಲೆ ತೆರೆದ ಬೋಗುಣಿಯಲ್ಲಿ ಅರ್ಧ ತಾಸು ಸಣ್ಣಗೆ ಕುದಿಸಿದರೆ ಗ್ಯಾಸೂ ಉಳಿಯುತ್ತದೆ, ರಸವೂ ಕೂಡಿಬರುತ್ತದೆ.

ಇಷ್ಟು ಹೊತ್ತು ಬೇಯಿಸುವ ವಿಷಯವಾಯಿತು. ನನಗೆ ಹೆಚ್ಚು ಚಿಂತೆ ಇರುವುದು ಆರಿಸುವ ವಿಷಯದಲ್ಲಿ. ಜಾತ್ರೆಯಲ್ಲಿ, ಆಷಾಢದ ತ್ರ್ಯಂಬೋಲಿ ಯಾತ್ರೆಯ ಊಟದಲ್ಲಿ, ಮನೆಯ ಕಾರ್ಯದಲ್ಲಿ ದೊಡ್ಡ ಹಂಡೆಗಳಲ್ಲಿ ರಸ್ಸಾ ಮಾಡುತ್ತಾರೆ. ಉಳಿದದ್ದನ್ನು ಹಂಡೆಯಲ್ಲೇ ಮುಚ್ಚಿಟ್ಟು ರಾತ್ರಿಗೋ ಮರುದಿನಕ್ಕೋ ಬಡಿಸುತ್ತಾರೆ. "ಅಷ್ಟು ಕುದಿಸೀವಿ, ಏನಾಗತೈತಿ?" ಅನ್ನುತ್ತಾರೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಬದುಕಿರಬಲ್ಲವು. ಕುದಿದಾಗ ರಸದೊಳಗಿನ ಗಾಳಿ ಹೊರಟುಹೋಗಿರುತ್ತದೆ, ಇವಕ್ಕೆ ಗಾಳಿ ಬೇಡವೇ ಬೇಡ. ರಸ 50 ಡಿಗ್ರಿಗಿಂತ ಕೆಳಗಿಳಿದಾಗ ಅವು ಎಚ್ಚೆತ್ತು ಬೆಳೆಯುತ್ತವೆ. 43-45 ಡಿಗ್ರಿಯ ಸುಮಾರಿಗೆ, ಅನುಕೂಲವಿದ್ದರೆ, ಸುಮಾರು ಹತ್ತು ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ಒಂದು ತಾಸಿಗೆ ಆರು ಸಲ: ಒಂದು ಬ್ಯಾಕ್ಟೀರಿಯಾ 64 ಆಯಿತು. ಮೂರು ತಾಸಿಗೆ ಹದಿನೆಂಟು ಸಲ: 2,62,144. ಉಂಡವರಿಗೆ ಎಂಟು ಹತ್ತು ತಾಸಿನ ಮೇಲೆ ಹೊಟ್ಟೆ ಹಿಂಡಿ ಬೇಧಿ ಸುರುವಾಗುತ್ತದೆ. ಸಣ್ಣ ಮಕ್ಕಳಿಗೂ ಮುದುಕರಿಗೂ ಇದು ಜೀವಕ್ಕೆ ಬರಬಹುದು.

ಇಲ್ಲಿ ಗಣಿತ ನಮ್ಮ ಕೈ ಹಿಡಿಯುತ್ತದೆ. ಪಾತ್ರೆಯ ಎಲ್ಲ ಅಳತೆಗಳನ್ನು ಎರಡು ಪಟ್ಟು ಮಾಡಿದರೆ ಅದರ ಹೊರಮೈ ನಾಲ್ಕು ಪಟ್ಟಾಗುತ್ತದೆ, ಘನಗಾತ್ರ ಎಂಟು ಪಟ್ಟು. ಶಾಖ ತುಂಬಿರುವುದು ಗಾತ್ರದಲ್ಲಿ, ಹೊರಗೆ ಹೋಗುವುದು ಹೊರಮೈಯಿಂದ. ಆದ್ದರಿಂದ ದೊಡ್ಡ ಹಂಡೆ ಆ ಅಪಾಯದ ಉಷ್ಣತೆಯಲ್ಲಿ ತಾಸುಗಟ್ಟಲೆ ಕುಳಿತಿರುತ್ತದೆ. ಊಟ ನಡೆದಿರುವಾಗ ರಸವನ್ನು 60 ಡಿಗ್ರಿಗಿಂತ ಮೇಲೆಯೇ ಇರುವಂತೆ ಸಣ್ಣ ಉರಿಯ ಮೇಲಿಡಬೇಕು. ಉಳಿದದ್ದನ್ನು ಕೂಡಲೇ ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ಆರಿಸಿ, ಎರಡು ತಾಸಿನೊಳಗೆ ಫ್ರಿಜ್‌ಗೆ ಸೇರಿಸಬೇಕು. ಮತ್ತೆ ಉಣ್ಣುವಾಗ ಬರೀ ಬೆಚ್ಚಗೆ ಮಾಡಿದರೆ ಸಾಲದು, ಚೆನ್ನಾಗಿ ಕುದಿಸಬೇಕು.

ಇದನ್ನು ಶಾಲೆಯಲ್ಲಿ ಬರೀ ನೀರಿನಿಂದ ಪರೀಕ್ಷಿಸಬಹುದು. ಗುರುಗಳ ಕೈಯಿಂದ 70 ಡಿಗ್ರಿಯ 4 ಲೀಟರ್ ಬಿಸಿನೀರನ್ನು ಒಂದು ಆಳವಾದ ಡಬ್ಬಿಗೆ ಹಾಕಿಸಿ ಮುಚ್ಚಿರಿ, ಅಷ್ಟೇ ಬಿಸಿಯ ಇನ್ನೊಂದು 4 ಲೀಟರನ್ನು ನಾಲ್ಕು ಅಗಲ ಪರಾತಗಳಿಗೆ ಹಂಚಿಸಿ. ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಅದ್ದಿ ಎರಡರ ಉಷ್ಣತೆಯನ್ನೂ ಬರೆದು, ಒಂದೇ ಗ್ರಾಫ್ ಕಾಗದದ ಮೇಲೆ ಎರಡು ಗೆರೆ ಎಳೆಯಿರಿ. 50 ಡಿಗ್ರಿಯಿಂದ 35ಕ್ಕೆ ಇಳಿಯಲು ಪರಾತಕ್ಕೆ ಎಷ್ಟು ನಿಮಿಷ ಬೇಕಾಯಿತು, ಡಬ್ಬಿಗೆ ಎಷ್ಟು? ಆ ನಿಮಿಷಗಳನ್ನು ಹತ್ತರಿಂದ ಭಾಗಿಸಿ, 2ನ್ನು ಅಷ್ಟು ಸಲ ಗುಣಿಸಿ ನೋಡಿ.